ಮನೆಗೆ ತಂದ 200 ಆಂಪ್ ವೆಲ್ಡಿಂಗ್ ಯಂತ್ರ ಮತ್ತು ಅದರ ಕೈಪಿಡಿ: ಒಂದು ವಿಮರ್ಶೆ

ಮನೆ, ತೋಟ, ಕೊಟ್ಟಿಗೆಗಳ ಸಣ್ಣಪುಟ್ಟ ಕಬ್ಬಿಣದ ಕೆಲಸಕ್ಕೆಂದು ಮೈಸೂರಿನ ಸಂತೆಪೇಟೆಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಕೊಂಡ ಇನ್ವರ್ಟರ್ ಮಾದರಿಯ (ಕರೆಂಟನ್ನು ಎಲೆಕ್ಟ್ರಾನಿಕ್ ಭಾಗಗಳಿಂದ ನಿಯಂತ್ರಿಸುವ) ಆರ್ಕ್ ವೆಲ್ಡಿಂಗ್ ಯಂತ್ರವನ್ನು ಒಂದು ಮಳೆಗಾಲ, ಒಂದು ಬೇಸಿಗೆ ಪೂರ್ತಿ ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಯಂತ್ರದ ಮೈಮೇಲೆ 200 ಆಂಪ್ ಎಂದು ದೊಡ್ಡ ಅಕ್ಷರದಲ್ಲಿದೆ. ತೂಕ ಆರು ಕಿಲೋ ಆಸುಪಾಸು, ಬೆಲೆ ಎಂಟು ಸಾವಿರ ರೂಪಾಯಿಯ ಒಳಗೆ. ನಮ್ಮ ಮನೆಯಿರುವುದು ಶ್ರೀರಂಗಪಟ್ಟಣ ತಾಲ್ಲೂಕಿನ ಹಳ್ಳಿಯಲ್ಲಿ. ಕೊಟ್ಟಿಗೆಯ ಗೇಟು, ಕಿಟಕಿಯ ಗ್ರಿಲ್ಲು, ನೀರಿನ ಟ್ಯಾಂಕಿನ ಸ್ಟ್ಯಾಂಡು, ಟ್ರ್ಯಾಕ್ಟರ್ ಟ್ರೇಲರಿನ ಹಿಂಬಾಗಿಲ ಕೀಲು ಇವೇ ನಾನು ಇದರಿಂದ ಮಾಡಿದ ಮುಖ್ಯ ಕೆಲಸಗಳು. ತಯಾರಕರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ಇದೇ ಆಕಾರದ, ಇದೇ ಗುಂಡಿಗಳ ಪೆಟ್ಟಿಗೆಗಳು ಬೇರೆ ಬೇರೆ ಬಣ್ಣ ಮತ್ತು ಹೆಸರುಗಳಲ್ಲಿ ಅಂಗಡಿಯ ಒಂದೇ ಸಾಲಿನಲ್ಲಿ ಕುಳಿತಿರುತ್ತವೆ, ಮತ್ತು ಇಲ್ಲಿ ಹೇಳಲಿರುವ ಮಾತು ಅವುಗಳಲ್ಲಿ ಹೆಚ್ಚಿನವುಗಳಿಗೆ ಅನ್ವಯಿಸುತ್ತದೆ.

ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಯಂತ್ರ ಚೆನ್ನಾಗಿದೆ, ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ಅದು ಚೆನ್ನಾಗಿ ಕೆಲಸ ಮಾಡುವುದು ಮೂರು ಬರಹಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದವರಿಗೆ ಮಾತ್ರ: ಯಂತ್ರದ ಹಿಂಬದಿಗೆ ಅಂಟಿಸಿದ ರೇಟಿಂಗ್ ಪ್ಲೇಟು, ಪೆಟ್ಟಿಗೆಯೊಳಗಿನ ಕೈಪಿಡಿ, ಮತ್ತು ಕರಗಿ ಬೆಸುಗೆಯಾಗುವ ವೆಲ್ಡಿಂಗ್ ರಾಡಿನ ಪ್ಯಾಕೆಟ್ಟು. ಈ ಮೂರರಲ್ಲಿ ಯಾವುದೊಂದೂ ಪೂರ್ತಿ ವಿಷಯವನ್ನು ಹೇಳುವುದಿಲ್ಲ. ಮುಂಬದಿಯ ಗುಂಡಿಯ ಸುತ್ತ ಇರುವ ಅಂಕಿಗಳಂತೂ ಏನನ್ನೂ ಹೇಳುವುದಿಲ್ಲ. ಅವು ಯಂತ್ರ ಎಷ್ಟು ಕೊಡಬಲ್ಲದು ಎಂದು ತೋರಿಸುತ್ತವೆಯೇ ಹೊರತು ನಮ್ಮ ಕೆಲಸಕ್ಕೆ ಎಷ್ಟು ಬೇಕು ಎಂದಲ್ಲ.

ಅಂಗಡಿಯವರು ಒಳ್ಳೆಯವರು. ಪೆಟ್ಟಿಗೆಯನ್ನು ನನ್ನೆದುರೇ ಒಡೆದು, ಯಂತ್ರವನ್ನು ಚಾಲೂ ಮಾಡಿ, ಒಂದು ತುಂಡು ಆಂಗಲ್ ಮೇಲೆ ಕಿಡಿ ಹೊಡೆಸಿ ತೋರಿಸಿದರು. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆದು, ವಾರಂಟಿ ಕಾರ್ಡಿಗೆ ಸೀಲು ಹಾಕಿಕೊಟ್ಟರು. ಸೆಟ್ಟಿಂಗ್ ಬಗ್ಗೆ ಕೇಳಿದಾಗ ಮಾತ್ರ, "ನೂರಿಪ್ಪತ್ತಕ್ಕೆ ಇಟ್ಬಿಡಿ ಸಾರ್, ಎಲ್ಲಾದಕ್ಕೂ ಆಗುತ್ತೆ" ಎಂದರು. ದಿನವಿಡೀ ನೂರು ಗಿರಾಕಿಗಳಿಗೆ ಉತ್ತರ ಕೊಡುವವರಿಂದ ಇದಕ್ಕಿಂತ ಹೆಚ್ಚು ನಿರೀಕ್ಷಿಸುವುದು ನ್ಯಾಯವಲ್ಲ. ಆದರೂ ಆ ಮಾತನ್ನು ಪಾಲಿಸಿದರೆ ಏನಾಗುತ್ತದೆ ಎಂಬುದನ್ನು ವಿವರಿಸುವುದು ಅಗತ್ಯ, ಏಕೆಂದರೆ ನೂರಿಪ್ಪತ್ತು ಎನ್ನುವುದು 3.15 ಮಿ.ಮೀ. ರಾಡಿಗೆ ಸರಿಯಾದ ಸಂಖ್ಯೆ, 2.5 ಮಿ.ಮೀ. ರಾಡಿಗೆ ವಿಪರೀತ, ಮತ್ತು ನಮ್ಮ ಮನೆಗಳ ಸಾಕೆಟ್ಟಿಗೆ ತಾಳಲಾಗದ ಹೊರೆ.

ರೇಟಿಂಗ್ ಪ್ಲೇಟಿನಿಂದ ಆರಂಭಿಸೋಣ. ಅದರಲ್ಲಿ ಎಕ್ಸ್ ಎಂಬ ಅಕ್ಷರದ ಸಾಲಿನಲ್ಲಿ ಶೇಕಡಾ 60 ಮತ್ತು ಶೇಕಡಾ 100 ಎಂದಿದೆ. ಅದರ ಕೆಳಗೆ ಕ್ರಮವಾಗಿ 200 ಮತ್ತು 155 ಆಂಪ್ ಎಂದಿದೆ. ಇದೇ ಡ್ಯೂಟಿ ಸೈಕಲ್. ಹತ್ತು ನಿಮಿಷದ ಅವಧಿಯಲ್ಲಿ ಆರು ನಿಮಿಷ 200 ಆಂಪ್‌ನಲ್ಲಿ ಬೆಸುಗೆ ಹಾಕಿದರೆ ಉಳಿದ ನಾಲ್ಕು ನಿಮಿಷ ಯಂತ್ರ ತಣ್ಣಗಾಗಬೇಕು, 155ಕ್ಕೆ ಇಳಿಸಿದರೆ ನಿಲ್ಲಿಸದೆ ಹಾಕಬಹುದು ಎಂಬುದು ಇದರ ಅರ್ಥ. ಈ ಲೆಕ್ಕ ಸುತ್ತಲಿನ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಇರುವಾಗಿನದು. ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಚಾವಣಿಯ ಕೆಳಗೆ ಕೆಲಸ ಮಾಡುವವರು ಅದನ್ನು ನೆನಪಿಡಬೇಕು. ನನ್ನ ಮಟ್ಟಿಗೆ ಹೇಳುವುದಾದರೆ, ಮನೆ ಕೆಲಸಕ್ಕೆ ಬೇಕಾಗುವುದು 50ರಿಂದ 90 ಆಂಪ್; ಒಂದು 2.5 ಮಿ.ಮೀ. ರಾಡು ಹೆಚ್ಚು ಕಡಿಮೆ ಒಂದು ನಿಮಿಷದಲ್ಲಿ ಮುಗಿಯುತ್ತದೆ, ಆಮೇಲೆ ಬೆಸುಗೆಯ ಮೇಲೆ ಗಟ್ಟಿಯಾದ ಸ್ಲ್ಯಾಗ್ ಎಂಬ ಪೊರೆಯನ್ನು ಒಡೆದು, ಬ್ರಷ್ ಹೊಡೆದು, ಹೊಸ ರಾಡು ಹಾಕುವಷ್ಟರಲ್ಲಿ ಯಂತ್ರಕ್ಕೆ ಸಾಕಷ್ಟು ವಿಶ್ರಾಂತಿ ಸಿಕ್ಕಿರುತ್ತದೆ. ಆದ್ದರಿಂದ ಡ್ಯೂಟಿ ಸೈಕಲ್ಲಿನ ಚಿಂತೆ ನಮಗೆ ಕಡಿಮೆ. ಆದರೆ ಕೊಳ್ಳುವಾಗ ಈ ಸಾಲನ್ನು ಓದಲೇಬೇಕು. 200 ಆಂಪ್ ಎಂದು ಬರೆದೂ ಡ್ಯೂಟಿ ಸೈಕಲ್ ಶೇಕಡಾ 20 ಅಥವಾ 30 ಮಾತ್ರ ಇರುವ ಯಂತ್ರಗಳುಂಟು, ಮತ್ತು ಅಂಥವು ಬೆಲೆಯಲ್ಲಿ ಅಗ್ಗವಾಗಿ ಕಾಣುವುದು ಇದೇ ಕಾರಣಕ್ಕೆ.

ಪ್ಲೇಟಿನ ಕೆಳಸಾಲು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಒಳಬರುವ ಗರಿಷ್ಠ ಕರೆಂಟು 41 ಆಂಪ್, ವಿರಾಮಗಳನ್ನೂ ಲೆಕ್ಕಕ್ಕೆ ಹಿಡಿದ ಪರಿಣಾಮಿ ಕರೆಂಟು 32 ಆಂಪ್ ಎಂದು ಅಲ್ಲಿದೆ. ನಮ್ಮ ಮನೆಗಳ ದೊಡ್ಡ ಮೂರು ಪಿನ್ನಿನ ಸಾಕೆಟ್ಟು 16 ಆಂಪ್‌ನದು. ಅಂದರೆ ಯಂತ್ರ 200 ಆಂಪ್ ಕೊಡಬಲ್ಲದು ಎಂಬ ಮಾತು ನಿಜವಾದರೂ, ಅದನ್ನು ನಮ್ಮ ಗೋಡೆಯ ಸಾಕೆಟ್ಟಿನಿಂದ ಪಡೆಯಲು ಸಾಧ್ಯವಿಲ್ಲ. ಹಾಗಾದರೆ ಎಷ್ಟು ಪಡೆಯಬಹುದು ಎಂಬ ಪ್ರಶ್ನೆಗೆ ಕೈಪಿಡಿ ನೇರವಾಗಿ ಉತ್ತರಿಸುವುದಿಲ್ಲ, ಆದರೆ ಲೆಕ್ಕ ಹಾಕಲು ಬೇಕಾದ ಅಂಕಿಗಳನ್ನು ಕೊಡುತ್ತದೆ. ರಾಡ್ ವೆಲ್ಡಿಂಗ್ ಯಂತ್ರಗಳ ಅಂತರರಾಷ್ಟ್ರೀಯ ಮಾನಕವಾದ ಐಇಸಿ 60974-1ರ ಪ್ರಕಾರ ಆರ್ಕಿನ (ರಾಡಿನ ತುದಿಗೂ ಕಬ್ಬಿಣಕ್ಕೂ ನಡುವೆ ಉರಿಯುವ ವಿದ್ಯುತ್ ಕಿಡಿಯ) ವೋಲ್ಟೇಜನ್ನು, ಕರೆಂಟನ್ನು 0.04ರಿಂದ ಗುಣಿಸಿ 20 ಕೂಡಿಸಿ ಲೆಕ್ಕ ಹಾಕುತ್ತಾರೆ. 80 ಆಂಪ್‌ಗೆ ಅದು 23.2 ವೋಲ್ಟ್, ಶಕ್ತಿ ಸುಮಾರು 1,856 ವ್ಯಾಟ್. ಕೈಪಿಡಿಯಲ್ಲಿರುವ ಶೇಕಡಾ 85ರ ದಕ್ಷತೆ ಮತ್ತು 0.7ರ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಸೇರಿಸಿದರೆ ಗೋಡೆಯಿಂದ ಎಳೆಯುವ ಕರೆಂಟು 230 ವೋಲ್ಟ್‌ನಲ್ಲಿ ಹದಿಮೂರೂವರೆ ಆಂಪ್ ಆಗುತ್ತದೆ. 90 ಆಂಪ್‌ಗೆ ಹದಿನೈದೂವರೆ. 110ಕ್ಕೆ ಹೋದರೆ ಹತ್ತೊಂಬತ್ತೂವರೆ ದಾಟುತ್ತದೆ. ಸಾಮಾನ್ಯ ಸಾಕೆಟ್ಟಿನಲ್ಲಿ ಈ ಯಂತ್ರದ ನಿಜವಾದ ಮಿತಿ 90 ಆಂಪ್ ಎಂದು ನಾನು ಹೇಳುವುದು ಈ ಲೆಕ್ಕದ ಆಧಾರದ ಮೇಲೆ.

ಇಲ್ಲಿ ಹಳ್ಳಿಯ ವೋಲ್ಟೇಜಿನ ವಿಷಯವೂ ಸೇರುತ್ತದೆ. ಪಂಪ್‌ಸೆಟ್ಟುಗಳೆಲ್ಲ ಓಡುವ ಹೊತ್ತಿನಲ್ಲಿ ನಮ್ಮ ಮನೆಯ ವೋಲ್ಟೇಜು 200ರ ಆಸುಪಾಸಿಗೆ ಇಳಿಯುತ್ತದೆ. ಕೈಪಿಡಿಯ ಪ್ರಕಾರ ಯಂತ್ರ 230 ವೋಲ್ಟಿಗಿಂತ ಶೇಕಡಾ 15 ಹೆಚ್ಚು ಕಡಿಮೆಯಾದರೂ ಕೆಲಸ ಮಾಡುತ್ತದೆ. ಅಂದರೆ ಸುಮಾರು 195ರವರೆಗೆ ತೊಂದರೆಯಿಲ್ಲ. ಆದರೆ ಇನ್ವರ್ಟರ್ ಯಂತ್ರದ ಸ್ವಭಾವ ಹೇಗೆಂದರೆ, ವೋಲ್ಟೇಜು ಕಡಿಮೆಯಾದಷ್ಟೂ ಹೊರಗೆ ಅದೇ ಶಕ್ತಿಯನ್ನು ಕೊಡಲು ಗೋಡೆಯಿಂದ ಹೆಚ್ಚು ಕರೆಂಟು ಎಳೆಯುತ್ತದೆ. 230ರಲ್ಲಿ ಹದಿಮೂರೂವರೆ ಆಂಪ್ ಎಳೆಯುತ್ತಿದ್ದ ಅದೇ 80 ಆಂಪ್ ಸೆಟ್ಟಿಂಗ್, 200 ವೋಲ್ಟ್‌ನಲ್ಲಿ ಹದಿನೈದೂವರೆ ಆಂಪ್ ಎಳೆಯುತ್ತದೆ. ಬೆಳಗಿನ ಹೊತ್ತು ಸರಾಗವಾಗಿ ನಡೆದ ಕೆಲಸ ಮಧ್ಯಾಹ್ನ ಎಂಸಿಬಿಯನ್ನು (ಕರೆಂಟು ಮಿತಿ ಮೀರಿದಾಗ ತಾನೇ ಆರುವ ಸ್ವಿಚ್ಚನ್ನು) ಬೀಳಿಸಿದರೆ ಯಂತ್ರ ಕೆಟ್ಟಿದೆ ಎಂದು ಭಾವಿಸಬೇಕಾಗಿಲ್ಲ. ಎಂಸಿಬಿ ಬೀಳುತ್ತದೆಂದು ಅದರ ಜಾಗದಲ್ಲಿ ದೊಡ್ಡದನ್ನು ಹಾಕಿಸುವವರನ್ನು ನೋಡಿದ್ದೇನೆ. ಗೋಡೆಯೊಳಗಿನ ವೈರು ಹಳೆಯದೇ ಉಳಿದಿರುವಾಗ ಹಾಗೆ ಮಾಡುವುದು ಬೆಂಕಿಗೆ ದಾರಿ ಮಾಡಿಕೊಟ್ಟಂತೆ. ಹೆಚ್ಚಿನ ಕರೆಂಟು ಬೇಕಾದವರು ಮೊದಲು ವಿದ್ಯುತ್ ಬಿಲ್ಲಿನಲ್ಲಿ ಮುದ್ರಿತವಾಗಿರುವ ಮಂಜೂರಾದ ಲೋಡ್ ಎಷ್ಟೆಂದು ನೋಡಿ, ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಮೀಟರ್ ಬೋರ್ಡಿನಿಂದ ಪ್ರತ್ಯೇಕ 32 ಆಂಪ್ ಲೈನು ಎಳೆಸಿಕೊಳ್ಳಬೇಕು. ಅರ್ತಿಂಗ್ ಸರಿಯಾಗಿದೆಯೇ ಎಂದು ಅದೇ ಹೊತ್ತಿಗೆ ಪರೀಕ್ಷೆಯೂ ಆಗಬೇಕು.

ಎಕ್ಸ್‌ಟೆನ್ಷನ್ ವೈರಿನ ಬಗ್ಗೆ ಕೈಪಿಡಿ ಒಂದೇ ಸಾಲು ಬರೆದು ಮುಂದೆ ಹೋಗುತ್ತದೆ. ಕೊಟ್ಟಿಗೆ ಮನೆಯಿಂದ ದೂರವಿರುವ ನಮ್ಮಂಥವರಿಗೆ ಅದು ಸಾಲದು. 1 ಚದರ ಮಿ.ಮೀ. ತಾಮ್ರದ ಇಪ್ಪತ್ತು ಮೀಟರ್ ವೈರಿನಲ್ಲಿ 15 ಆಂಪ್ ಹರಿಸಿದರೆ ಹೋಗಿ ಬರುವ ದಾರಿಯಲ್ಲಿ ಸುಮಾರು 11 ವೋಲ್ಟ್ ಕಳೆದುಹೋಗುತ್ತದೆ. 4 ಚದರ ಮಿ.ಮೀ. ವೈರಿನಲ್ಲಿ ಕಳೆಯುವುದು ಮೂರಕ್ಕಿಂತ ಕಡಿಮೆ. ಮೊದಲೇ 200ಕ್ಕೆ ಇಳಿದಿರುವ ಕಡೆ ಇನ್ನೂ 11 ವೋಲ್ಟ್ ಹೋದರೆ ಯಂತ್ರ ತನ್ನ ಮಿತಿಯಿಂದ ಕೆಳಗೆ ಬೀಳುತ್ತದೆ. ವೈರನ್ನು ಸುರುಳಿಯಲ್ಲೇ ಬಿಟ್ಟು ಬಳಸಬಾರದು, ಪೂರ್ತಿ ಬಿಚ್ಚಿ ಹರಡಬೇಕು. ಸುರುಳಿಯೊಳಗಿನ ಬಿಸಿಗೆ ಹೊರಹೋಗಲು ದಾರಿಯಿರುವುದಿಲ್ಲ.

ಈಗ ರಾಡಿನ ವಿಷಯ. ಅಂಗಡಿಯ ಭಾಷೆ ಮತ್ತು ಕೈಪಿಡಿಯ ಭಾಷೆ ಇಲ್ಲಿ ಬೇರೆಯಾಗುತ್ತವೆ. ಅಂಗಡಿಯಲ್ಲಿ 12 ನಂಬರ್ ರಾಡು, 10 ನಂಬರ್ ರಾಡು ಎನ್ನುತ್ತಾರೆ. ಇವು ಹಳೆಯ ಗೇಜಿನ ಅಳತೆಗಳು, ನಂಬರ್ ದೊಡ್ಡದಾದಷ್ಟೂ ರಾಡು ಸಣ್ಣದು. 12 ನಂಬರ್ ಎಂದರೆ 2.5 ಮಿ.ಮೀ., 10 ನಂಬರ್ ಎಂದರೆ 3.15 ಮಿ.ಮೀ., 8 ನಂಬರ್ ಎಂದರೆ 4 ಮಿ.ಮೀ. ಎಂದು ತಿಳಿದಿದ್ದರೆ ಕೈಪಿಡಿಯ ಪಟ್ಟಿಯನ್ನು ಓದಬಹುದು. ಪೈಪಿನ ದಪ್ಪವೂ ಹಾಗೆಯೇ: 14 ಗೇಜು 2 ಮಿ.ಮೀ., 16 ಗೇಜು 1.6 ಮಿ.ಮೀ., 18 ಗೇಜು 1.2 ಮಿ.ಮೀ. ಕೈಪಿಡಿಯ ಪಟ್ಟಿಯಲ್ಲಿ 2ರಿಂದ 3 ಮಿ.ಮೀ. ದಪ್ಪದ ಕಬ್ಬಿಣಕ್ಕೆ 2.5 ಮಿ.ಮೀ. ರಾಡು ಮತ್ತು 60ರಿಂದ 90 ಆಂಪ್, 4ರಿಂದ 5 ಮಿ.ಮೀ. ದಪ್ಪಕ್ಕೆ 3.2 ಮಿ.ಮೀ. ರಾಡು ಮತ್ತು 100ರಿಂದ 130 ಆಂಪ್ ಎಂದಿದೆ. ಈ 3.2 ಮತ್ತು ನಮ್ಮ ಪ್ಯಾಕೆಟ್ಟಿನ 3.15 ಒಂದೇ ರಾಡು.

ಪಟ್ಟಿ ಸಾಮಾನ್ಯ ಮಾರ್ಗದರ್ಶನ ಮಾತ್ರ. ಕೊನೆಯ ಮಾತು ರಾಡಿನ ಪ್ಯಾಕೆಟ್ಟಿನದು. ರಾಡಿನ ಲೇಪನ ಹೇಗಿದೆ, ಅದು ಎಷ್ಟು ಕರೆಂಟಿನಲ್ಲಿ ಸಮವಾಗಿ ಕರಗುತ್ತದೆ ಎಂಬುದು ಅದನ್ನು ಮಾಡಿದವರಿಗೆ ಗೊತ್ತು, ಯಂತ್ರ ಮಾಡಿದವರಿಗೆ ಗೊತ್ತಿಲ್ಲ. ಮನೆ ಕೆಲಸಕ್ಕೆ ಸಾಮಾನ್ಯವಾಗಿ ಸಿಗುವುದು ಇ6013 ವರ್ಗದ ರಾಡು. ಇದರಲ್ಲಿ 60 ಎಂಬುದು ಬೆಸುಗೆ ಲೋಹದ ಕನಿಷ್ಠ ಎಳೆತ ಬಲವನ್ನು, ಪ್ರತಿ ಚದರ ಇಂಚಿಗೆ 60,000 ಪೌಂಡ್ ಎಂದು ಹೇಳುತ್ತದೆ; ನಂತರದ 1, ಮಲಗಿದ, ನಿಂತ, ತಲೆಯ ಮೇಲಿನ ಬೆಸುಗೆ ಹೀಗೆ ಎಲ್ಲ ಭಂಗಿಗಳಲ್ಲೂ ಬಳಸಬಹುದು ಎನ್ನುತ್ತದೆ; ಕೊನೆಯ ಎರಡು ಅಂಕಿ ಸೇರಿ ಲೇಪನದ ಬಗೆಯನ್ನು, ಎಸಿ ಮತ್ತು ಡಿಸಿ ಎರಡರಲ್ಲೂ ನಡೆಯುತ್ತದೆ ಎಂಬುದನ್ನು ತಿಳಿಸುತ್ತವೆ. ನನ್ನ ಪ್ಯಾಕೆಟ್ಟಿನಲ್ಲಿ 2.5 ಮಿ.ಮೀ.ಗೆ 50ರಿಂದ 90 ಆಂಪ್ ಎಂದಿದೆ. ಅಂಗಡಿಯಲ್ಲಿ ಬಿಡಿ ರಾಡುಗಳನ್ನು ಕಾಗದದಲ್ಲಿ ಸುತ್ತಿಕೊಡುವ ವಾಡಿಕೆಯಿದೆ. ಹಾಗೆ ಕೊಳ್ಳುವವರು ಪ್ಯಾಕೆಟ್ಟಿನ ಮೈಮೇಲಿನ ಬರಹದ ಒಂದು ಫೋಟೋ ತೆಗೆದುಕೊಂಡು ಬರುವುದು ಒಳ್ಳೆಯದು. ಅದೂ ಆಗದಿದ್ದರೆ ರಾಡಿನ ಹಿಡಿಯುವ ತುದಿಯ ಹತ್ತಿರ, ಲೇಪನದ ಮೇಲೆಯೇ ವರ್ಗದ ಸಂಖ್ಯೆ ಸಣ್ಣದಾಗಿ ಅಚ್ಚಾಗಿರುತ್ತದೆ.

ನಮ್ಮೂರಿನ ಹಿರಿಯ ವೆಲ್ಡರ್ ಒಬ್ಬರು ಇದೊಂದನ್ನೂ ಓದದೆ ಸೊಗಸಾದ ಬೆಸುಗೆ ಹಾಕುತ್ತಾರೆ, ನನಗೆ ಅವರ ಮೇಲೆ ಅಪಾರ ಗೌರವವಿದೆ. ಅವರು ಕಿವಿಯಿಂದ ಕೆಲಸ ಮಾಡುತ್ತಾರೆ. ಆರ್ಕಿನ ಸದ್ದು ಒಂದೇ ಸಮನೆ ಚರಚರ ಎನ್ನುವವರೆಗೆ ಹ್ಯಾಂಡಲ್ ತಿರುಗಿಸುತ್ತಾರೆ. ಆದರೆ ಅವರ ಕೈಗೆ ಪಳಗಿರುವುದು ಟ್ರಾನ್ಸ್‌ಫಾರ್ಮರ್ ಯಂತ್ರ. ಅದು ಕೊಡುವುದು ಎಸಿ ಕರೆಂಟು. ಅದರ ಸ್ಕೇಲಿನ ಮೇಲಿನ ಗುರುತು ವರ್ಷಗಳ ಬಳಕೆಯಲ್ಲಿ ನಿಜವಾದ ಕರೆಂಟಿನಿಂದ ಎಷ್ಟೋ ದೂರ ಸರಿದಿರುತ್ತದೆ, ಊರಿನ ವೋಲ್ಟೇಜು ಇಳಿದಾಗ ಹೊರಬರುವ ಕರೆಂಟೂ ಇಳಿಯುತ್ತದೆ. ಅವರು ಹೇಳುವ 'ನೂರು' ಮತ್ತು ಈ ಇನ್ವರ್ಟರ್ ತೋರಿಸುವ 100 ಒಂದೇ ಅಲ್ಲ. ಅವರ ಕಿವಿಯನ್ನು ಕಲಿಯಬೇಕು, ಅವರ ಅಂಕಿಯನ್ನು ಎರವಲು ತರಬಾರದು.

ನನ್ನ ಸೋದರಮಾವ ಮೈಸೂರಿನ ಅಶೋಕಪುರಂನ ರೈಲ್ವೆ ಕಾರ್ಯಾಗಾರದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕಾರ್ಖಾನೆಯಲ್ಲಿ ಎಷ್ಟೇ ಅನುಭವವಿದ್ದರೂ ವೆಲ್ಡರ್ ತನಗೆ ತೋಚಿದ ಕರೆಂಟು ಇಡುವಂತಿಲ್ಲ, ಲೋಹ, ದಪ್ಪ, ರಾಡು, ಧ್ರುವ (ಪ್ಲಸ್ಸೋ ಮೈನಸ್ಸೋ), ಕರೆಂಟು ಎಲ್ಲವನ್ನೂ ಬರೆದ ಒಂದು ಹಾಳೆ ಇರುತ್ತದೆ, ಅದರಂತೆಯೇ ನಡೆಯಬೇಕು ಎಂದು ಅವರು ಹೇಳುತ್ತಾರೆ. ಮನೆಯಲ್ಲಿ ಅಂಥ ಹಾಳೆಯನ್ನು ನಮಗೆ ಯಾರೂ ಬರೆದುಕೊಡುವುದಿಲ್ಲ. ಕೈಪಿಡಿ ಮತ್ತು ಪ್ಯಾಕೆಟ್ಟುಗಳಿಂದ ನಾವೇ ಬರೆದುಕೊಳ್ಳಬೇಕು. ಮಾವನ ಸಲಹೆಯಂತೆ ನಾನು ಒಂದು ರಟ್ಟಿನ ಮೇಲೆ ಬರೆದು ಯಂತ್ರದ ಹಿಡಿಗೆ ಕಟ್ಟಿದ್ದೇನೆ, ಮನೆಯಲ್ಲಿ ಬೇರೆ ಯಾರು ಯಂತ್ರ ಮುಟ್ಟಿದರೂ ಅದನ್ನು ನೋಡಿಯೇ ಆರಂಭಿಸುತ್ತಾರೆ.

ಧ್ರುವದ ವಿಷಯದಲ್ಲಿ ಈ ಕೈಪಿಡಿಯ ಮೇಲೆ ನನ್ನ ದೊಡ್ಡ ಆಕ್ಷೇಪವಿದೆ. ಇನ್ವರ್ಟರ್ ಯಂತ್ರ ಡಿಸಿ ಕೊಡುತ್ತದೆ. ಅದರ ಮುಂಬದಿಯಲ್ಲಿ ಪ್ಲಸ್ ಮತ್ತು ಮೈನಸ್ ಎಂಬ ಎರಡು ಸಾಕೆಟ್ಟುಗಳಿವೆ. ರಾಡು ಹಿಡಿಯುವ ಹೋಲ್ಡರನ್ನು ಯಾವುದಕ್ಕೆ, ಕಬ್ಬಿಣಕ್ಕೆ ಕಚ್ಚಿಸುವ ಅರ್ತ್ ಕ್ಲ್ಯಾಂಪನ್ನು ಯಾವುದಕ್ಕೆ ಹಾಕಬೇಕು ಎಂಬುದರ ಮೇಲೆ ಬೆಸುಗೆಯ ಆಳವೇ ಬದಲಾಗುತ್ತದೆ. ಹೋಲ್ಡರ್ ಪ್ಲಸ್‌ಗೆ ಹೋದರೆ ಬೆಸುಗೆ ಆಳವಾಗಿ ಇಳಿಯುತ್ತದೆ. ಮೈನಸ್‌ಗೆ ಹೋದರೆ ಆಳ ಕಡಿಮೆಯಾಗಿ ರಾಡು ಬೇಗ ಕರಗುತ್ತದೆ. ದಪ್ಪ ಆಂಗಲ್, ಚಾನಲ್‌ಗಳಿಗೆ ಮೊದಲನೆಯದು, ತೆಳು ಪೈಪು ಮತ್ತು ತಗಡಿಗೆ ಎರಡನೆಯದು ಅನುಕೂಲ. ಇ6013 ಎರಡಕ್ಕೂ ಒಗ್ಗುತ್ತದೆ. ಇ7018ರಂಥ ಕಡಿಮೆ ಹೈಡ್ರೋಜನ್ ರಾಡನ್ನು ಡಿಸಿಯಲ್ಲಿ ಪ್ಲಸ್‌ಗೇ ಹಾಕಬೇಕು. ಇಷ್ಟು ಮುಖ್ಯವಾದ ವಿಷಯವನ್ನು ಕೈಪಿಡಿ ದಪ್ಪ ಮತ್ತು ಕರೆಂಟಿನ ಪಟ್ಟಿಯಲ್ಲಿ ಸೇರಿಸಿಯೇ ಇಲ್ಲ. ಬೇರೊಂದು ಪುಟದ ಚಿತ್ರದಲ್ಲಿ ಹೋಲ್ಡರನ್ನು ಪ್ಲಸ್‌ಗೆ ಹಾಕಿ ತೋರಿಸಿ ಸುಮ್ಮನಾಗಿದೆ. ಚಿತ್ರವನ್ನಷ್ಟೇ ನೋಡಿ 18 ಗೇಜಿನ ಪೈಪಿಗೆ ಬೆಸುಗೆ ಹಾಕಲು ಹೊರಟವರು ತೂತಿನ ಮೇಲೆ ತೂತು ಮಾಡಿಕೊಂಡರೆ ತಪ್ಪು ಅವರದಲ್ಲ. ರಾಡಿನ ಪ್ಯಾಕೆಟ್ಟಿನಲ್ಲಿ ಧ್ರುವ ಸ್ಪಷ್ಟವಾಗಿ ಇರುತ್ತದೆ, ಅದನ್ನೇ ನಂಬಬೇಕು.

ತೆಳು ಪೈಪೇ ಮನೆ ಕೆಲಸದ ನಿಜವಾದ ಪರೀಕ್ಷೆ. ಕೊಟ್ಟಿಗೆಯ ಗೇಟಿಗೆ ನಾನು ಬಳಸಿದ್ದು 16 ಗೇಜಿನ ಸ್ಕ್ವೇರ್ ಪೈಪು. ಅದೇ ಪೈಪಿನ ಉಳಿಕೆ ತುಂಡುಗಳನ್ನು ಮೊದಲು ಸಾಲಾಗಿಟ್ಟು, 2.5 ಮಿ.ಮೀ. ರಾಡಿನಲ್ಲಿ ಪ್ಯಾಕೆಟ್ಟಿನ ಕೆಳಮಿತಿಯಿಂದ ಆರಂಭಿಸಿ ಐದೈದು ಆಂಪ್ ಏರಿಸುತ್ತಾ ಹೋದೆ. ಕರೆಂಟು ಕಡಿಮೆಯಿದ್ದಾಗ ರಾಡು ಅಂಟಿಕೊಳ್ಳುತ್ತದೆ, ಬೆಸುಗೆ ಪೈಪಿನೊಳಗೆ ಇಳಿಯದೆ ಮೇಲೆ ಹಗ್ಗದಂತೆ ಉಬ್ಬಿ ನಿಲ್ಲುತ್ತದೆ. ಹೆಚ್ಚಾದಾಗ ಸಿಡಿತ ಜಾಸ್ತಿಯಾಗಿ, ಬೆಸುಗೆಯ ಅಂಚಿನಲ್ಲಿ ಕೊರಕಲು ಬೀಳುತ್ತದೆ. ರಾಡಿನ ಕೊನೆಯ ಭಾಗ ಕೆಂಪಗೆ ಕಾಯುತ್ತದೆ. ಸರಿಯಾದ ಕಡೆ ಸ್ಲ್ಯಾಗ್ ಒಂದೆರಡು ಏಟಿಗೆ ಹಾಳೆಯಂತೆ ಎದ್ದುಬರುತ್ತದೆ, ಕೆಳಗಿನ ಸಾಲು ಚಪ್ಪಟೆಯಾಗಿ, ಒಂದೇ ಅಗಲದಲ್ಲಿರುತ್ತದೆ. ಆ ಪೈಪಿಗೆ, ಹೋಲ್ಡರನ್ನು ಮೈನಸ್‌ಗೆ ಹಾಕಿ, ಮಲಗಿಸಿದ ಭಂಗಿಯಲ್ಲಿ 60 ಆಂಪ್ ಹೊಂದಿತು. 2 ಮಿ.ಮೀ. ರಾಡು ಸಿಕ್ಕಿದಾಗ 45ರಿಂದ 50ರಲ್ಲಿ ಇನ್ನೂ ಚೆನ್ನಾಗಿ ಬಂತು. ತೆಳು ಕೆಲಸ ಹೆಚ್ಚಿರುವವರು ಅದನ್ನು ಹುಡುಕಿ ತರುವುದೇ ಲೇಸು. ನಿಲ್ಲಿಸಿದ ಗೇಟಿನ ಮೇಲೆ ಬೆಸುಗೆ ಹಾಕುವಾಗ ಕರಗಿದ ಲೋಹ ಕೆಳಗೆ ಜಾರುವುದರಿಂದ ಶೇಕಡಾ ಹತ್ತರಿಂದ ಹದಿನೈದರಷ್ಟು ಇಳಿಸಬೇಕು. ಉದ್ದಕ್ಕೂ ಒಂದೇ ಓಟದಲ್ಲಿ ಎಳೆಯದೆ, ಮೊದಲು ಅಲ್ಲಲ್ಲಿ ಟ್ಯಾಕ್ (ಚುಕ್ಕೆಯಂಥ ಪುಟ್ಟ ಬೆಸುಗೆ) ಹಾಕಿ, ನಂತರ ಸಣ್ಣ ಸಣ್ಣ ತುಣುಕುಗಳಾಗಿ ಎದುರುಬದುರು ಹಾಕಿದರೆ ಪೈಪು ಸೊಟ್ಟಗಾಗುವುದೂ ಕಡಿಮೆ. ತುಂಡುಗಳು ಸಾಲದವರಿಗೆ ಮೈಸೂರಿನ ಹೆಬ್ಬಾಳ, ಮೆಟಗಳ್ಳಿಯ ಕಡೆಯಾಗಲಿ, ಮಂಡ್ಯದ ತೂಬಿನಕೆರೆಯ ಕಡೆಯಾಗಲಿ ಫ್ಯಾಬ್ರಿಕೇಶನ್ ಶೆಡ್ಡುಗಳಲ್ಲಿ ಕೇಳಿದರೆ ತೂಕದ ಲೆಕ್ಕದಲ್ಲಿ ಸಿಗುವುದುಂಟು.

ಯಂತ್ರದ ಮೇಲೆ ಕರೆಂಟಿನ ಗುಂಡಿಯಲ್ಲದೆ ಹಾಟ್ ಸ್ಟಾರ್ಟ್ ಮತ್ತು ಆರ್ಕ್ ಫೋರ್ಸ್ ಎಂಬ ಎರಡು ಸಣ್ಣ ಗುಂಡಿಗಳಿವೆ. ಹಾಟ್ ಸ್ಟಾರ್ಟ್, ರಾಡು ತಾಗಿಸಿದ ಆರಂಭದ ಕ್ಷಣದಲ್ಲಿ ಕರೆಂಟನ್ನು ತುಸು ಏರಿಸಿ ಆರ್ಕ್ ಹೊತ್ತಿಸಲು ನೆರವಾಗುತ್ತದೆ. ದಪ್ಪ ಕಬ್ಬಿಣಕ್ಕೆ ಇದು ವರ. ತೆಳು ಪೈಪಿಗೆ ಶುರುವಿನಲ್ಲೇ ತೂತು. ಆರ್ಕ್ ಫೋರ್ಸ್, ರಾಡು ಕಬ್ಬಿಣಕ್ಕೆ ತೀರ ಹತ್ತಿರ ಹೋದಾಗ ಕರೆಂಟನ್ನು ಹೆಚ್ಚಿಸಿ ಅಂಟದಂತೆ ತಡೆಯುತ್ತದೆ. ಕೈಪಿಡಿ ಎರಡನ್ನೂ ಮಧ್ಯದಲ್ಲಿಡಲು ಹೇಳುತ್ತದೆ. ನನ್ನ ಅನುಭವದಲ್ಲಿ 6013 ರಾಡಿಗೆ ಆರ್ಕ್ ಫೋರ್ಸ್ ಕೆಳಗಿನ ಕಾಲು ಭಾಗದಲ್ಲಿದ್ದರೆ ಸಿಡಿತ ಕಡಿಮೆ; 16 ಗೇಜಿಗಿಂತ ತೆಳುವಾದುದಕ್ಕೆ ಹಾಟ್ ಸ್ಟಾರ್ಟ್ ಪೂರ್ತಿ ಇಳಿಸಬೇಕು. ಮಾಪನದ ಬಗ್ಗೆಯೂ ಒಂದು ಮಾತು: ಡಿಸ್‌ಪ್ಲೇಯ ಮೇಲೆ ಕಾಣುವುದು ನಾವು ಇಟ್ಟ ಕರೆಂಟು. ನಿಜಕ್ಕೂ ಹರಿಯುವುದನ್ನು ನೋಡಬೇಕಾದರೆ ಡಿಸಿ ಅಳೆಯಬಲ್ಲ ಕ್ಲ್ಯಾಂಪ್ ಮೀಟರ್ ಬೇಕು; ಎಲೆಕ್ಟ್ರಿಷಿಯನ್‌ಗಳ ಹತ್ತಿರ ಇರುವ ಸಾಮಾನ್ಯ ಕ್ಲ್ಯಾಂಪ್ ಮೀಟರ್ ಎಸಿಯನ್ನಷ್ಟೇ ಅಳೆಯುತ್ತದೆ. ಪರಿಚಿತರ ಮೀಟರಿನಲ್ಲಿ ನೋಡಿದಾಗ 80ಕ್ಕೆ ಇಟ್ಟಲ್ಲಿ ವ್ಯತ್ಯಾಸ ಎರಡು ಮೂರು ಆಂಪ್ ಮೀರಲಿಲ್ಲ. ಈ ಬೆಲೆಗೆ ಇದು ಮೆಚ್ಚಬೇಕಾದ ನಿಖರತೆ.

ಹಳದಿ ದೀಪದ ಬಗ್ಗೆ ಕೈಪಿಡಿ ಹೇಳುವ ಮಾತನ್ನು ಎಲ್ಲರೂ ಓದಬೇಕು. ಅತಿಯಾಗಿ ಬಿಸಿಯಾದಾಗ ಅಥವಾ ವೋಲ್ಟೇಜು ಮಿತಿ ಮೀರಿದಾಗ ಅದು ಹೊತ್ತಿಕೊಂಡು ಬೆಸುಗೆ ನಿಲ್ಲುತ್ತದೆ. ಆಗ ಗಾಬರಿಯಿಂದ ಸ್ವಿಚ್ ಆರಿಸುವವರೇ ಹೆಚ್ಚು. ಬಿಸಿಯಿಂದ ನಿಂತಿದ್ದರೆ ಆರಿಸಬಾರದು, ಫ್ಯಾನು ಓಡುತ್ತಿರಬೇಕು. ಆರಿಸಿದರೆ ಒಳಗಿನ ಬಿಸಿ ಒಳಗೇ ಉಳಿದು ಐಜಿಬಿಟಿ ಎಂಬ, ಕರೆಂಟು ನಿಯಂತ್ರಿಸುವ ಎಲೆಕ್ಟ್ರಾನಿಕ್ ಭಾಗಗಳಿಗೆ ಪೆಟ್ಟು ಬೀಳುತ್ತದೆ. ಗೋಡೆಗೂ ಯಂತ್ರಕ್ಕೂ ನಡುವೆ 30 ಸೆಂ.ಮೀ. ಜಾಗ ಬಿಡಿ ಎಂಬ ಸೂಚನೆಯೂ ಇದೇ ಕಾರಣಕ್ಕೆ ಇದೆ.

ಜೊತೆಗೆ ಬರುವ ಸಾಮಾನುಗಳು ನಿರಾಶೆ ತರುತ್ತವೆ. ಅರ್ತ್ ಕ್ಲ್ಯಾಂಪಿನ ಸ್ಪ್ರಿಂಗು ಸಡಿಲ. ಬಣ್ಣ, ತುಕ್ಕು ಕೆರೆದು ಬರಿ ಕಬ್ಬಿಣಕ್ಕೆ ಗಟ್ಟಿಯಾಗಿ ಕಚ್ಚಿಸದಿದ್ದರೆ ಎಷ್ಟೇ ಸರಿಯಾದ ಸೆಟ್ಟಿಂಗ್ ಇಟ್ಟರೂ ಆರ್ಕ್ ತಡವರಿಸುತ್ತದೆ, ಜನ ಅದನ್ನೇ ಕರೆಂಟು ಸಾಲದೆಂದು ತಿಳಿದು ಗುಂಡಿ ಏರಿಸುತ್ತಾರೆ. ನಾನು ಬೇರೆ ಕ್ಲ್ಯಾಂಪ್ ಹಾಕಿಸಿದೆ. ಕೈಯಲ್ಲಿ ಹಿಡಿಯುವ ಮುಖಗವಸಿನ ಗಾಜಿನ ಮೇಲೆ ಅದು ಎಷ್ಟು ಕಪ್ಪೆಂದು ಹೇಳುವ ಶೇಡ್ ಸಂಖ್ಯೆಯೇ ಇಲ್ಲ, ಆದ್ದರಿಂದ ಅದನ್ನು ಬಳಸಲೇ ಇಲ್ಲ. 60ರಿಂದ 160 ಆಂಪ್‌ವರೆಗಿನ ರಾಡ್ ವೆಲ್ಡಿಂಗಿಗೆ 10ನೇ ಶೇಡ್ ಸೂಕ್ತ, 8ಕ್ಕಿಂತ ಕಡಿಮೆ ಸಲ್ಲದು. ನಮ್ಮ ಕಡೆ ಅನೇಕರು ಹಾಕುವ ಕಪ್ಪು ಕನ್ನಡಕ ಗ್ಯಾಸ್ ಕೆಲಸಕ್ಕೆ ಮಾಡಿದ್ದು. ಮುಖ, ಕತ್ತನ್ನು ಅದು ಮುಚ್ಚುವುದೂ ಇಲ್ಲ. ಪಕ್ಕದಲ್ಲಿ ಪೈಪು ಹಿಡಿದು ನಿಲ್ಲುವ ಮಕ್ಕಳ ಕಣ್ಣುಗಳ ಬಗ್ಗೆ ಯೋಚಿಸಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಸತು ಲೇಪಿಸಿದ ಜಿಐ ಪೈಪಿನ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ ಬರಬಹುದು. ಬೆಸುಗೆಯ ಜಾಗದ ಲೇಪನವನ್ನು ಗ್ರೈಂಡ್ ಮಾಡಿ, ಬಯಲಿನಲ್ಲಿ, ಗಾಳಿ ಬೆನ್ನಿನ ಓರೆಗೆ ಬರುವಂತೆ ನಿಂತು ಕೆಲಸ ಮಾಡಬೇಕು.

ಮಳೆಗಾಲದಲ್ಲಿ ರಾಡು ನೀರೆಳೆಯುತ್ತದೆ. ಆರ್ಕ್ ಪಟಪಟ ಸಿಡಿದು, ಬೆಸುಗೆಯಲ್ಲಿ ಸಣ್ಣ ರಂಧ್ರಗಳು ಕಾಣಿಸುತ್ತವೆ. ಇದನ್ನು ಸೆಟ್ಟಿಂಗಿನಿಂದ ಸರಿಪಡಿಸಲಾಗದು. 6013 ರಾಡನ್ನು ಸುಮಾರು 100 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿದರೆ ಸರಿಹೋಗುತ್ತದೆ. 7018ಕ್ಕೆ 300 ಡಿಗ್ರಿಗೂ ಮೇಲೆ ಬೇಕು, ಆ ಸೌಕರ್ಯವಿಲ್ಲದ ಮನೆಯಲ್ಲಿ ತೆರೆದಿಟ್ಟ ಹಳೆಯ 7018 ಪ್ಯಾಕೆಟ್ಟನ್ನು ಭಾರ ಹೊರುವ ಕೆಲಸಕ್ಕೆ ಬಳಸಬಾರದು.

ಮಂಡ್ಯದ ಗೆಳೆಯರೊಬ್ಬರ ಬಳಿ ರಾಡು ಮತ್ತು ಮಿಗ್ (ರಾಡಿನ ಬದಲು ಸುರುಳಿಯ ತಂತಿ ತಾನಾಗಿ ಬರುವ ವೆಲ್ಡಿಂಗ್) ಎರಡೂ ಮಾಡುವ ಯಂತ್ರವಿದೆ. ಅದರಲ್ಲಿ ಓದುವ ಅಗತ್ಯ ಇನ್ನೂ ಹೆಚ್ಚು. ಗ್ಯಾಸ್ ಬೇಡದ ಫ್ಲಕ್ಸ್ (ಬೆಸುಗೆಯನ್ನು ಗಾಳಿಯಿಂದ ಕಾಪಾಡುವ ಪುಡಿ) ತುಂಬಿದ ತಂತಿಗೆ ಟಾರ್ಚು, ಅಂದರೆ ತಂತಿ ಹೊರಬರುವ ಹಿಡಿ, ಮೈನಸ್‌ಗೆ, ಗ್ಯಾಸಿನೊಡನೆ ಬಳಸುವ ಗಟ್ಟಿ ತಂತಿಗೆ ಪ್ಲಸ್‌ಗೆ ಹೋಗಬೇಕು. ತಂತಿಯ ವೇಗ, ವೋಲ್ಟೇಜುಗಳ ಪಟ್ಟಿಯನ್ನು ತಂತಿ ಕೂರಿಸುವ ಬಾಗಿಲ ಒಳಬದಿಗೆ ಅಂಟಿಸಿರುತ್ತಾರೆ, ಅದನ್ನು ತೆರೆದು ನೋಡದವರೇ ಬಹಳ.

ಕೈಪಿಡಿ ಪೂರ್ತಿ ಇಂಗ್ಲಿಷಿನಲ್ಲಿದೆ, ಅಕ್ಷರ ಬಹಳ ಸಣ್ಣದು. ಕರ್ನಾಟಕದಲ್ಲಿ ಮಾರುವ ಯಂತ್ರಕ್ಕೆ ಸಾಕೆಟ್ಟಿನ ಮಿತಿ, ರಾಡಿನ ನಂಬರು, ಗೇಜು, ಧ್ರುವ ಇಷ್ಟನ್ನು ಒಂದೇ ಪುಟದಲ್ಲಿ ಕನ್ನಡದಲ್ಲಿ ಅಚ್ಚು ಮಾಡಿ ಕೊಟ್ಟರೆ ತಯಾರಕರಿಗೆ ತಗಲುವ ಖರ್ಚು ಅತ್ಯಲ್ಪ, ವಾರಂಟಿಗೆಂದು ಮರಳಿ ಬರುವ ಯಂತ್ರಗಳೂ ಕಡಿಮೆಯಾಗಬಹುದು. ಯಂತ್ರಕ್ಕೆ ನಾನು ಐದರಲ್ಲಿ ನಾಲ್ಕು, ಕೈಪಿಡಿಗೆ ಎರಡೂವರೆ, ಸಾಮಾನುಗಳಿಗೆ ಒಂದು ಅಂಕ ಕೊಡುತ್ತೇನೆ. ಗ್ರಿಲ್ಲು, ಗೇಟು, ಸ್ಟ್ಯಾಂಡುಗಳಂಥ ಕೆಲಸವಿರುವವರು ಧೈರ್ಯವಾಗಿ ಕೊಳ್ಳಬಹುದು. ಕಬ್ಬಿನ ಟ್ರೇಲರಿನ ಚಾಸಿ, ನೇಗಿಲಿನ ಕಾಲುಗಳಂಥ ದಪ್ಪ ಕೆಲಸವೇ ಮುಖ್ಯವಾಗಿದ್ದು 3.15 ಮಿ.ಮೀ. ರಾಡನ್ನು ದಿನವೂ ಉರಿಸುವ ಉದ್ದೇಶವಿದ್ದರೆ, 32 ಆಂಪ್ ಲೈನಿನ ಖರ್ಚನ್ನೂ ಯಂತ್ರದ ಬೆಲೆಗೆ ಸೇರಿಸಿ ಲೆಕ್ಕ ಹಾಕಿಕೊಂಡೇ ಅಂಗಡಿಗೆ ಹೋಗಬೇಕು.